ಬಿದ್ದ ಮೇಲಿನ ಹತ್ತು ಸೆಕೆಂಡು

1993ರ ಆಗಸ್ಟ್ 18, ಫ್ಲಾರಿಡಾದ ಡೇಟೋನಾ ಬೀಚ್. ಡಬ್ಲ್ಯೂಸಿಡಬ್ಲ್ಯೂ ಎಂಬ ರೆಸ್ಲಿಂಗ್ ಕಂಪನಿಯ 'ಕ್ಲ್ಯಾಶ್ ಆಫ್ ದ ಚಾಂಪಿಯನ್ಸ್' ಟಿವಿಯಲ್ಲಿ ಲೈವ್ ಹೋಗುತ್ತಿದೆ. ರೆಸ್ಲರ್ ರಿಕ್ ಫ್ಲೇರ್ ಅವರ ಮಾತುಕತೆಯ ಸೆಟ್‌ನಲ್ಲಿ ಇನ್ನೊಬ್ಬ ರೆಸ್ಲರ್ ಸ್ಟಿಂಗ್ ತಮ್ಮ ತಂಡದ ಹೊಸ ಸದಸ್ಯನ ಹೆಸರು ಕೂಗುತ್ತಾರೆ: ಶಾಕ್‌ಮಾಸ್ಟರ್! ಪಟಾಕಿ ಸಿಡಿಯುತ್ತದೆ. ಗೋಡೆ ಒಡೆದುಕೊಂಡು ಒಬ್ಬ ದೈತ್ಯ ನುಗ್ಗುತ್ತಾನೆ. ನುಗ್ಗಿದವನು ಮುಗ್ಗರಿಸಿ ದಬಾರನೆ ಬೋರಲು ಬೀಳುತ್ತಾನೆ. ತಲೆಯ ಮೇಲಿದ್ದ ಹೆಲ್ಮೆಟ್ ಕಳಚಿ ಉರುಳುತ್ತದೆ. ಅದು 'ಸ್ಟಾರ್ ವಾರ್ಸ್' ಸೈನಿಕರ ಹೆಲ್ಮೆಟ್. ಮಿನುಗು ಬಳಿದು ಹೊಸ ವೇಷ ಕೊಟ್ಟಿದ್ದರು, ಅಷ್ಟೇ.

ನಾನು ಲೈವ್ ಕ್ರೀಡಾ ಪ್ರಸಾರದ ಕಂಟ್ರೋಲ್ ರೂಮಿನಲ್ಲಿ ಕೂತು, ಯಾವ ಕ್ಯಾಮೆರಾ ತೋರಿಸಬೇಕು ಅಂತ ಹೇಳುವ ಕೆಲಸದವನು. ಹಾಗಾಗಿ ಇಂಥ ವಿಡಿಯೋ ನೋಡುವಾಗ ನನಗೆ ಬೀಳುವುದಕ್ಕಿಂತ ಬಿದ್ದ ಮೇಲಿನ ಹತ್ತು ಸೆಕೆಂಡೇ ಜಾಸ್ತಿ ಇಷ್ಟ. ಬೀಳುವುದು ಯಾರಿಗೂ ಆಗಬಹುದು. ಅದು ನಗುವಾಗುವುದು, ಸುತ್ತಲಿನವರು ಏನೂ ಆಗಿಲ್ಲ ಅನ್ನುವ ಹಾಗೆ ಮುಂದುವರಿಯಲು ಹೆಣಗಾಡಿದಾಗ.

ಶಾಕ್‌ಮಾಸ್ಟರ್ ವೇಷದಲ್ಲಿದ್ದವರು ಫ್ರೆಡ್ ಒಟ್ಮನ್. ಮೊದಲು ಎದುರಾಳಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಟಗ್‌ಬೋಟ್, ಟೈಫೂನ್ ಅಂತೆಲ್ಲ ಆಡಿದ್ದವರು. ಗೋಡೆಯ ಕೆಳಭಾಗದಲ್ಲಿ ಅಡ್ಡಲಾಗಿ ಒಂದು ಮರದ ಪಟ್ಟಿ ಇತ್ತು. ರಿಹರ್ಸಲ್‌ನಲ್ಲಿ ಅದು ಇರಲಿಲ್ಲ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮೇಲಿನ ಹಲಗೆ ಒಡೆಯಿತು, ಕೆಳಗಿನ ಪಟ್ಟಿ ಅಲ್ಲಾಡಲಿಲ್ಲ. ಹೆಲ್ಮೆಟ್ ಒಳಗಿಂದ ಕಾಲ ಕೆಳಗಿನದ್ದು ಎಲ್ಲಿ ಕಾಣಬೇಕು? ಸೆಟ್ ಹಾಕುವವರು ಕೊನೇ ಗಳಿಗೆಯಲ್ಲಿ ಸುಮ್ನೆ ಒಂದು ಮೊಳೆ ಹೊಡೆದರೂ ಕಲಾವಿದರಿಗೆ ಹೇಳಬೇಕು ಅಂತ ನಮ್ಮ ಕೆಲಸದಲ್ಲಿ ಗೋಗರೆಯುವುದು ಇದಕ್ಕೇ.

ಈಗ ಆ ಹತ್ತು ಸೆಕೆಂಡಿಗೆ ಬನ್ನಿ. ಶಾಕ್‌ಮಾಸ್ಟರ್‌ನ ಗಡಸು ದನಿ ಒಟ್ಮನ್ ಅವರದ್ದಲ್ಲ. ಹಳೇ ರೆಸ್ಲರ್ ಓಲ್ ಆಂಡರ್ಸನ್ ತೆರೆಯ ಹಿಂದೆ ಮೈಕ್ ಹಿಡಿದು ಮಾತಾಡುತ್ತಿದ್ದರು. ಇತ್ತ ಒಟ್ಮನ್ ಹೆಲ್ಮೆಟ್ ಹುಡುಕಿ, ಹಾಕಿಕೊಂಡು, ಎದ್ದು ನಿಲ್ಲುತ್ತಾರೆ. ಅತ್ತ ಆ ದನಿ, ಬಿದ್ದದ್ದು ಗೊತ್ತೇ ಇಲ್ಲ ಅನ್ನುವ ಹಾಗೆ ಎದುರಾಳಿಗಳಿಗೆ ಬೆದರಿಕೆ ಹಾಕತೊಡಗುತ್ತದೆ. ಒಟ್ಮನ್ ಅದಕ್ಕೆ ತಕ್ಕಂತೆ ಕೈ ಬೀಸುತ್ತಾರೆ. ಹತ್ತಿರದ ಮೈಕ್‌ನಲ್ಲಿ ಸ್ಟಿಂಗ್ ತಂಡದವರೇ ಆದ ಡೇವಿ ಬಾಯ್ ಸ್ಮಿತ್ ಅವರ ಗೊಣಗಾಟವೂ ಕೇಳುತ್ತದೆ: ಬಿದ್ದೇಬಿಟ್ಟನಲ್ಲ ಅನ್ನುವ ಅರ್ಥದ್ದು, ಸ್ವಲ್ಪ ಒರಟು ಭಾಷೆಯಲ್ಲಿ. ಒಂದು ದನಿ ಹೆದರಿಸುತ್ತಿದೆ, ಇನ್ನೊಂದು ನಿಜ ಹೇಳುತ್ತಿದೆ, ಎರಡೂ ಒಂದೇ ಆಡಿಯೋದಲ್ಲಿ. ಚಿತ್ರ ಆಫ್ ಮಾಡಿ ಬರೀ ಶಬ್ದ ಕೇಳಿ ನೋಡಿ, ಆಗಲೂ ನಗು ಬರುತ್ತದೆ.

ಪಾಪ, ಮುಂದಿನ ತಿಂಗಳೇ ಫಾಲ್ ಬ್ರಾಲ್ ಕಾರ್ಯಕ್ರಮದ ವಾರ್‌ಗೇಮ್ಸ್ ಎಂಬ ತಂಡಗಳ ಪಂದ್ಯದಲ್ಲಿ ತಂಡಕ್ಕೆ ಗೆಲುವು ತಂದದ್ದು ಇದೇ ಶಾಕ್‌ಮಾಸ್ಟರ್. ಅದನ್ನು ಯಾರಾದರೂ ಹುಡುಕಿಕೊಂಡು ನೋಡ್ತಾರಾ?

ರೆಸ್ಲಿಂಗ್‌ನಲ್ಲಿ ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಲೈವ್‌ನಲ್ಲಿ ಅದನ್ನು ಮುಟ್ಟಿಸುವ ದಾರಿ ನಿಗದಿಯಾಗಿರುವುದಿಲ್ಲ. ದಾರಿ ತಪ್ಪಿದರೆ ಕಾಪಾಡುವವರು ರೆಫರಿಗಳು. ತೆರೆಯ ಹಿಂದಿನಿಂದ ಬರುವ ಸಂದೇಶ ರೆಫರಿಯ ಕಿವಿಗೆ ಬಂದು, ಅಲ್ಲಿಂದ ರೆಸ್ಲರ್‌ಗಳಿಗೆ ಪಿಸುಮಾತಾಗಿ ಹೋಗುತ್ತದೆ. 2005ರ ರಾಯಲ್ ರಂಬಲ್, ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ನಡೆದದ್ದು, ಇದಕ್ಕೆ ಒಳ್ಳೆ ಪಾಠ. ರಂಬಲ್ ಅಂದರೆ ಹಲವರು ಒಬ್ಬೊಬ್ಬರಾಗಿ ರಿಂಗ್‌ಗೆ ಬರುವ ಪಂದ್ಯ; ಹಗ್ಗದ ಮೇಲಿಂದ ಆಚೆ ಬಿದ್ದು ನೆಲ ಮುಟ್ಟಿದವರು ಔಟ್, ಕೊನೆಗೆ ಉಳಿದವರು ಗೆದ್ದಂತೆ. ಕೊನೆಗೆ ಉಳಿದವರು ಬಟಿಸ್ಟಾ ಮತ್ತು ಜಾನ್ ಸೀನಾ. ಇಬ್ಬರೂ ಒಟ್ಟಿಗೇ ಹಗ್ಗದ ಮೇಲಿಂದ ಆಚೆ ಬಿದ್ದರು. ಒಬ್ಬ ರೆಫರಿ ಇವರ ಕೈ ಎತ್ತುತ್ತಾರೆ, ಇನ್ನೊಬ್ಬರು ಅವರ ಕೈ. ಆಗ ಡಬ್ಲ್ಯೂಡಬ್ಲ್ಯೂಇ (ಹಿಂದಿನ ಡಬ್ಲ್ಯೂಡಬ್ಲ್ಯೂಎಫ್) ಕಂಪನಿಯ ಅಂದಿನ ಯಜಮಾನ ವಿನ್ಸ್ ಮೆಕ್‌ಮಹನ್ ಸಿಟ್ಟಿನಿಂದ ಬಿರಬಿರನೆ ನಡೆದು ಬಂದು, ರಿಂಗ್ ಒಳಗೆ ನುಸುಳಲು ಹೋಗಿ ಎರಡೂ ತೊಡೆಯ ಸ್ನಾಯು ಹರಿದುಕೊಂಡರು. ಎದ್ದು ನಿಲ್ಲಲಾಗದೆ ಕೂತಲ್ಲೇ ಕೂತು ಅಬ್ಬರಿಸಿದರು. ಪಂದ್ಯ ಮತ್ತೆ ಶುರುವಾಗಿ ಬಟಿಸ್ಟಾ ಗೆದ್ದರು.

ಅದು ನಿಜವಾದ ಗಾಯ. ನಗಬೇಕಾ ಬೇಡ್ವಾ ಅಂತ ನನಗೆ ಈಗಲೂ ಅನುಮಾನ. ಆದರೂ ಆ ಮನುಷ್ಯ ನೆಲದ ಮೇಲೆ ಕಾಲು ಚಾಚಿ ಕೂತು ಯಜಮಾನಿಕೆ ಬಿಟ್ಟುಕೊಡದೆ ಇರುವುದನ್ನು ನೋಡಿದರೆ ನಗು ತಡೆಯುವುದು ಕಷ್ಟ.

ರೆಸ್ಲರ್ ಟೈಟಸ್ ಓನೀಲ್ ವಿಷಯದಲ್ಲಿ ಇಂಥ ಅನುಮಾನ ಇಲ್ಲ. 2018ರ ಏಪ್ರಿಲ್ 27, ಸೌದಿ ಅರೇಬಿಯಾದ ಜೆಡ್ಡಾ, 50 ಜನರ ರಂಬಲ್. ಓಡಿ ಬರುತ್ತಾ ಎಡವಿ, ಹೊಟ್ಟೆಯ ಮೇಲೆ ಜಾರಿ, ರಿಂಗ್ ಕೆಳಗಿನ ಪರದೆಯೊಳಗೆ ಹೋಗಿಬಿಟ್ಟರು. ಕಾಲು ಮಾತ್ರ ಹೊರಗೆ. ಇಲ್ಲಿ ಪ್ರಸಾರ ತಂಡದವರ ತೀರ್ಮಾನ ನನಗೆ ತುಂಬಾ ಇಷ್ಟ. ಮುಚ್ಚಿಡಲಿಲ್ಲ. ಕಾಮೆಂಟರಿಯವರು ಬಿದ್ದು ಬಿದ್ದು ನಕ್ಕರು, ಪಂದ್ಯ ನಡೆಯುತ್ತಿರುವಾಗಲೇ ರೀಪ್ಲೇ ಮೇಲೆ ರೀಪ್ಲೇ ಹಾಕಿದರು. ಆ ಕಾರ್ಯಕ್ರಮದಲ್ಲಿ ಗೆದ್ದವರಾರು ಅಂತ ಕೇಳಿದರೆ ತಡವರಿಸುವವರಿಗೂ ಈ ಜಾರಾಟ ನೆನಪಿದೆ.

ಬೇಕು ಅಂತಲೇ ನಗಿಸಲು ಹೊರಟರೆ ಮಾತ್ರ ಕಥೆ ಬೇರೆ. 1990ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ಸರ್ವೈವರ್ ಸೀರೀಸ್ ಕಾರ್ಯಕ್ರಮಕ್ಕೆ ಮುಂಚೆ ವಾರಗಟ್ಟಲೆ ಒಂದು ದೊಡ್ಡ ಮೊಟ್ಟೆ ತೋರಿಸಿ ಕುತೂಹಲ ಬೆಳೆಸಿದ್ದರು. ಹಾರ್ಟ್‌ಫರ್ಡ್‌ನಲ್ಲಿ ಅದು ಒಡೆದಾಗ ಬಂದದ್ದು ಟರ್ಕಿ ಕೋಳಿಯ ವೇಷ ಹಾಕಿದ ರೆಸ್ಲರ್ ಹೆಕ್ಟರ್ ಗೆರೆರೊ. ನಿರೂಪಕ ಜೀನ್ ಓಕರ್ಲಂಡ್ ಅವರ ಜೊತೆ ರಿಂಗ್‌ನಲ್ಲಿ ಕುಣಿದೇ ಕುಣಿದರು. ಜನ ಬೊಬ್ಬೆ ಹಾಕಿ ಛೀಮಾರಿ ಮಾಡಿದರು. ಒಂದು ನಿಮಿಷದಲ್ಲಿ ಮುಗಿಸಬೇಕಾದ ತಮಾಷೆಯನ್ನು ಅಷ್ಟು ಎಳೆದರೆ ಇನ್ನೇನಾಗುತ್ತೆ? ಇದಕ್ಕೆ ಉಲ್ಟಾ, 2009ರ ರಂಬಲ್‌ನಲ್ಲಿ ಸ್ಯಾಂಟಿನೊ ಮರೆಲ್ಲಾ ರಿಂಗ್ ಒಳಗೆ ಬಂದ 1.9 ಸೆಕೆಂಡಿಗೇ ಅವರನ್ನು ಕೇನ್ ಎಂಬ ರೆಸ್ಲರ್ ಆಚೆ ಎಸೆದರು. ಅದೂ ಬೇಕು ಅಂತ ಮಾಡಿದ ತಮಾಷೆಯೇ, ಆದರೆ ಅಳತೆ ನೋಡಿ.

ಅಷ್ಟು ಹೆಸರಾಗದ ವಿಡಿಯೋಗಳಲ್ಲಿ ನನ್ನ ಮೆಚ್ಚಿನವು ಜಪಾನಿನ ಡಿಡಿಟಿ ಕಂಪನಿಯವು. ಅಲ್ಲಿ ಯೋಶಿಹಿಕೊ ಅನ್ನುವ ಒಂದು ಗೊಂಬೆ ರೆಸ್ಲರ್. ಒಂದು ಏಣಿ ಚಾಂಪಿಯನ್ ಪಟ್ಟ ಗೆದ್ದದ್ದೂ ಅಲ್ಲೇ. ರೆಸ್ಲರ್ ಕೋಟಾ ಇಬುಶಿ ಆ ಗೊಂಬೆಯ ಜೊತೆ ಆಡಿದ ಪಂದ್ಯ ನೋಡಿ. ಗೊಂಬೆ ತನ್ನನ್ನು ಎತ್ತಿ ಒಗೆಯಿತು ಅಂತ ಕಾಣಬೇಕಾದರೆ ಇಬುಶಿ ತಾವೇ ಹಾರಿ, ತಾವೇ ತಿರುಗಿ, ತಾವೇ ಬೆನ್ನಡಿಯಾಗಿ ಬೀಳಬೇಕು. ಎದುರಾಳಿಯ ಸಹಾಯ ಸೊನ್ನೆ. ಮಾಮೂಲಿ ಪಂದ್ಯಕ್ಕಿಂತ ಇದೇ ಕಷ್ಟ, ಅಲ್ವಾ?

2019ರ ಏಪ್ರಿಲ್‌ನಲ್ಲಿ ಅಮೆರಿಕದ ಜಿಸಿಡಬ್ಲ್ಯೂ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಬ್ಬರು ಅದೃಶ್ಯ ರೆಸ್ಲರ್‌ಗಳ ಪಂದ್ಯ! ರಿಂಗ್‌ನಲ್ಲಿ ಕಾಣುವುದು ರೆಫರಿ ಬ್ರೈಸ್ ರೆಮ್ಸ್‌ಬರ್ಗ್ ಒಬ್ಬರೇ. ಜನ ಪ್ರತಿ ಏಟಿಗೂ ಕಿರುಚುತ್ತಾರೆ. ಇಂಥದ್ದನ್ನು ಶೂಟ್ ಮಾಡಬೇಕಾದರೆ ನಾನಾಗಿದ್ದರೆ ಕ್ಯಾಮೆರಾದವರಿಗೆ ಒಂದೇ ಮಾತು ಹೇಳುತ್ತಿದ್ದೆ: ರೆಫರಿಯ ಕಣ್ಣು ಯಾವ ಕಡೆ ಹೋಗುತ್ತೋ ಆ ಕಡೆಗೇ ತಿರುಗಿಸಿ.