ಫುಲ್ ಫಾರ್ಮ್ ಗೊತ್ತಿದ್ದರೆ ಸಾಕಾ?

ಪಂಪ್ ನಿಂತಿತ್ತು. ಪೈಪಿನ ಒಂದು ತುದಿ ಬಿಚ್ಚಿತ್ತು. ಒಳಗೆ ಹನಿ ನೀರೂ ಇರಲಿಲ್ಲ. ಆದರೂ ಪ್ರೆಷರ್ ಸೆನ್ಸರಿನ ಡಿಸ್‌ಪ್ಲೇ 1.01 ಬಾರ್ (ಬಾರ್ ಅಂದರೆ ಒತ್ತಡದ ಒಂದು ಅಳತೆ) ತೋರಿಸುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ, "ಸರ್, ಈ ಸೆನ್ಸರ್ ಕೆಟ್ಟಿದೆ, ಬೇರೆ ಹಾಕೋಣ" ಎಂದಳು.

ಸೆನ್ಸರ್ ಚೆನ್ನಾಗಿಯೇ ಇತ್ತು. ಅದರ ಲೇಬಲ್ ಮೇಲೆ, ಬಾರ್ ಎಂಬ ಪದದ ಪಕ್ಕ, ಪುಟ್ಟದಾಗಿ ‘ಎ’ ಅಂತ ಒಂದು ಅಕ್ಷರ ಇತ್ತು. ಎ ಅಂದರೆ ಅಬ್ಸಲ್ಯೂಟ್. ಏನೂ ಇಲ್ಲದ ನಿರ್ವಾತವನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಎಣಿಸಿದ ಒತ್ತಡ. ನಮ್ಮ ಸುತ್ತಲಿನ ಗಾಳಿಯೇ ಸಮುದ್ರಮಟ್ಟದಲ್ಲಿ ಸುಮಾರು 1.013 ಬಾರ್ ಒತ್ತುತ್ತದೆ. ಸೆನ್ಸರ್ ತೋರಿಸಿದ್ದು ಆ ಗಾಳಿಯನ್ನೇ. ‘ಜಿ’ ಅಂತ ಇದ್ದಿದ್ದರೆ ಅದು ಗೇಜ್ ಪ್ರೆಷರ್. ಹೊರಗಿನ ಗಾಳಿಯನ್ನೇ ಸೊನ್ನೆ ಎಂದು ಹಿಡಿಯುವುದರಿಂದ ಡಿಸ್‌ಪ್ಲೇ ಸೊನ್ನೆಯಲ್ಲಿ ಇರುತ್ತಿತ್ತು. ‘ಡಿ’ ಇದ್ದರೆ ಡಿಫರೆನ್ಷಿಯಲ್, ಎರಡು ಜಾಗಗಳ ಒತ್ತಡದ ವ್ಯತ್ಯಾಸ. ಒತ್ತಡದ ಇನ್ನೊಂದು ಅಳತೆಯಾದ ಪಿಎಸ್‌ಐ (ಪೌಂಡ್ಸ್ ಪರ್ ಸ್ಕ್ವೇರ್ ಇಂಚ್) ಲೆಕ್ಕದಲ್ಲೂ ಹೀಗೇ: ಪಿಎಸ್‌ಐಎ, ಪಿಎಸ್‌ಐಜಿ, ಪಿಎಸ್‌ಐಡಿ.

ಪಿಎಸ್‌ಐ ಫುಲ್ ಫಾರ್ಮ್ ಕೇಳಿದ್ದರೆ ಆಕೆ ತಟ್ಟನೆ ಹೇಳುತ್ತಿದ್ದಳು. ನಾವು ಕಲಿಸುವುದೇ ಹಾಗೆ, ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ಆದರೆ ಸೆನ್ಸರುಗಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಶಾರ್ಟ್ ಫಾರ್ಮ್ ಕಂಡ ಕೂಡಲೇ ಅದನ್ನು ಬಿಡಿಸಿ ಹೇಳುವುದು ಅರ್ಧ ಕೆಲಸ. ಇದು ಯಾವುದರ ಲೆಕ್ಕದಲ್ಲಿ ಮಾತಾಡುತ್ತಿದೆ, ಸೊನ್ನೆ ಎಲ್ಲಿಟ್ಟಿದೆ ಅಂತ ಕೇಳುವುದು ಉಳಿದರ್ಧ. ತೊಂದರೆಯೆಲ್ಲ ಆಗುವುದು ಈ ಉಳಿದರ್ಧದಲ್ಲಿ.

ಎಫ್‌ಎಸ್ ತೆಗೆದುಕೊಳ್ಳಿ. ಫುಲ್ ಸ್ಕೇಲ್. 0 ರಿಂದ 10 ಬಾರ್ ಅಳೆಯುವ ಸೆನ್ಸರಿನ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ವಿವರಪತ್ರದಲ್ಲಿ, "ನಿಖರತೆ ±0.5% ಎಫ್‌ಎಸ್" ಅಂತ ಇರುತ್ತದೆ. ಅರ್ಧ ಪರ್ಸೆಂಟ್ ತಾನೇ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಆ ಅರ್ಧ ಪರ್ಸೆಂಟ್ ಪೂರ್ತಿ 10 ಬಾರಿನದ್ದು. ಅಂದರೆ 0.05 ಬಾರ್. ಸೆನ್ಸರ್ ಎಷ್ಟೇ ಅಳೆಯುತ್ತಿರಲಿ, ಈ 0.05 ಅದರ ಜೊತೆಗೇ ಇರುತ್ತದೆ. 10 ಬಾರ್ ಅಳೆಯುವಾಗ ಅದು ಅರ್ಧ ಪರ್ಸೆಂಟ್. 1 ಬಾರ್ ಅಳೆಯುವಾಗ ಅದೇ 5 ಪರ್ಸೆಂಟ್. ಅರ್ಧ ಬಾರಿಗೆ ಬಂದರೆ 10 ಪರ್ಸೆಂಟ್! "ಮುಂದೆ ಬೇಕಾಗಬಹುದು, ದೊಡ್ಡ ರೇಂಜಿನದ್ದೇ ಇರಲಿ" ಅಂತ ಸೆನ್ಸರ್ ಆರಿಸುವವರು ತುಂಬ ಜನ. ಅವರಿಗೆ ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದೇ ತೋರಿಸುತ್ತೇನೆ.

ಅದೇ ಜಾಗದಲ್ಲಿ ಆರ್‌ಡಿಜಿ ಅಂತ ಇದ್ದರೆ ರೀಡಿಂಗ್ ಎಂದರ್ಥ. ಆಗ ತೋರಿಸುತ್ತಿರುವ ಅಂಕಿಯ ಮೇಲಿನ ಪರ್ಸೆಂಟ್. ಮಲ್ಟಿಮೀಟರಿನಲ್ಲಿ ಇದರ ಜೊತೆ ಡಿಜಿಟಿ ಅಂತಲೂ ಸೇರಿರುತ್ತದೆ, ಡಿಜಿಟ್. "±0.5% ಆರ್‌ಡಿಜಿ + 2 ಡಿಜಿಟಿ" ಅಂದರೆ ಕೊನೆಯ ಅಂಕೆಯಲ್ಲಿ ಎರಡು ಹೆಜ್ಜೆ ಆಚೀಚೆ. ಮೀಟರ್ 5.00 ವೋಲ್ಟ್ ತೋರಿಸುತ್ತಿದೆ ಅಂದುಕೊಳ್ಳಿ. 0.5 ಪರ್ಸೆಂಟಿಗೆ 0.025, ಎರಡು ಡಿಜಿಟಿಗೆ 0.02. ಒಟ್ಟು 0.045 ವೋಲ್ಟ್. ಅದೇ ರೇಂಜಿನಲ್ಲಿ 0.10 ವೋಲ್ಟ್ ಅಳೆದರೆ ಆ ಎರಡು ಡಿಜಿಟೇ ಐದರಲ್ಲಿ ಒಂದು ಪಾಲನ್ನು ತಿಂದುಬಿಡುತ್ತವೆ.

ಸೆನ್ಸರಿನ ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸುವ ಎಡಿಸಿಯ (ಅನಲಾಗ್ ಟು ಡಿಜಿಟಲ್ ಕನ್ವರ್ಟರ್) ಬಿಟ್ ಲೆಕ್ಕವೂ ಹೀಗೇ ಕಣ್ಣು ತಪ್ಪಿಸುತ್ತದೆ. 16 ಬಿಟ್ ಅಂದರೆ 65,536 ಹೆಜ್ಜೆ, ಸರಿ. ಪಕ್ಕದಲ್ಲಿ ಇಎನ್‌ಒಬಿ (ಎಫೆಕ್ಟಿವ್ ನಂಬರ್ ಆಫ್ ಬಿಟ್ಸ್, ನಿಜಕ್ಕೂ ಉಪಯೋಗಕ್ಕೆ ಬರುವ ಬಿಟ್‌ಗಳು) 13 ಅಂತ ಇದ್ದರೆ, ಗದ್ದಲ ಕಳೆದ ಮೇಲೆ ಕೈಗೆ ಸಿಗುವುದು 8,192 ಹೆಜ್ಜೆಯ ಕೆಲಸ ಮಾತ್ರ. ಕೊಳ್ಳುವಾಗ ನೋಡಬೇಕಾದ್ದು ಈ ಎರಡನೆಯ ಅಂಕಿ.

ಇನ್ನು ಒಂದೇ ಅಕ್ಷರಗಳಿಗೆ ಹಲವು ಅರ್ಥ ಇರುವ ಪಜೀತಿ. ಪಿಐಡಿ ಅಂದರೆ ಕಂಟ್ರೋಲ್ ರೂಮಿನವರಿಗೆ ಪ್ರೊಪೋರ್ಷನಲ್-ಇಂಟೆಗ್ರಲ್-ಡೆರಿವೇಟಿವ್ ಕಂಟ್ರೋಲರ್, ಅಳತೆ ನೋಡಿ ಯಂತ್ರವನ್ನು ತಾನೇ ಹದ ಮಾಡುವ ಸಾಧನ. ಗ್ಯಾಸ್ ಪತ್ತೆ ಮಾಡುವವರಿಗೆ ಫೋಟೋ ಅಯೊನೈಸೇಷನ್ ಡಿಟೆಕ್ಟರ್, ಅತಿನೇರಳೆ ದೀಪ ಇಟ್ಟು ಆವಿಗಳನ್ನು ಅಳೆಯುವ ಸಾಧನ. ಡ್ರಾಯಿಂಗ್ ಹಿಡಿದವರು ಪಿ ಆ್ಯಂಡ್ ಐಡಿ ಅಂದರೆ ಪೈಪುಗಳ, ಉಪಕರಣಗಳ ನಕ್ಷೆ. ಒಂದೇ ಕೆಲಸದಲ್ಲಿ ಈ ಮೂರೂ ಇರಬಹುದು. ಟಿಸಿ ಒಂದು ಕಡೆ ತಾಪಮಾನ ಅಳೆಯುವ ಥರ್ಮೋಕಪಲ್, ಇನ್ನೊಂದು ಕಡೆ ಟೆಂಪರೇಚರ್ ಕೋಎಫಿಶಿಯೆಂಟ್, ಅಂದರೆ ತಾಪಮಾನ ಬದಲಾದಾಗ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವ ಲೆಕ್ಕ. ಎಫ್‌ಎಸ್‌ಆರ್ ಅಂದರೆ ಒತ್ತಿದಾಗ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್ ಇರಬಹುದು, ಫುಲ್ ಸ್ಕೇಲ್ ರೇಂಜ್ ಕೂಡ ಇರಬಹುದು. ಇವೆಲ್ಲ ಪಕ್ಕದ ಸಾಲು ಓದಿದರೆ ತಿಳಿದುಹೋಗುತ್ತವೆ. ಜಾಸ್ತಿ ಹೇಳಬೇಕಾದ್ದು ಎನ್‌ಸಿ ಬಗ್ಗೆ.

ಚಿಪ್ಪಿನ ಕಾಲುಗಳ ಚಿತ್ರದಲ್ಲಿ ಎನ್‌ಸಿ ಅಂದರೆ ನೋ ಕನೆಕ್ಷನ್. ಸಾಮಾನ್ಯವಾಗಿ ಆ ಕಾಲಿಗೆ ಒಳಗೆ ಏನೂ ಸೇರಿಸಿರುವುದಿಲ್ಲ. ಡಿಎನ್‌ಸಿ ಅಂತ ಇದ್ದರೆ ಡು ನಾಟ್ ಕನೆಕ್ಟ್. ಅಲ್ಲಿ ಒಳಗೆ ಏನೋ ಇದೆ, ನೀವು ವೈರ್ ಕೊಡಬೇಡಿ ಅಂತ. ಇವೆರಡೂ ಒಂದೇ ಅಂದುಕೊಂಡು ಡಿಎನ್‌ಸಿ ಕಾಲನ್ನು ಸುಮ್ನೆ ಗ್ರೌಂಡಿಗೆ ಸೇರಿಸಿದರೆ ಸೆನ್ಸರ್ ವಿಚಿತ್ರವಾಗಿ ವರ್ತಿಸಬಹುದು.

ಸ್ವಿಚ್ಚಿನ ಮೇಲೆ ಎನ್‌ಸಿ ಅಂದರೆ ನಾರ್ಮಲಿ ಕ್ಲೋಸ್ಡ್, ಎನ್‌ಒ ಅಂದರೆ ನಾರ್ಮಲಿ ಓಪನ್. ಇಲ್ಲಿ ‘ನಾರ್ಮಲ್’ ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಯಂತ್ರ ಮಾಮೂಲಾಗಿ ಓಡುವ ಸ್ಥಿತಿಗೂ ಈ ನಾರ್ಮಲ್‌ಗೂ ಸಂಬಂಧ ಇಲ್ಲ. ಸ್ವಿಚ್ಚನ್ನು ಡಬ್ಬದಿಂದ ತೆಗೆದು ಮೇಜಿನ ಮೇಲೆ ಇಟ್ಟಾಗ ಹೇಗಿರುತ್ತದೋ ಅದು ನಾರ್ಮಲ್. ಒತ್ತಡ ಇಲ್ಲ, ಕರೆಂಟ್ ಇಲ್ಲ, ಎದುರಿಗೆ ಏನೂ ಇಲ್ಲ.

ಒಮ್ಮೆ ಒಂದು ಕಡೆ ಎಣ್ಣೆ ಒತ್ತಡದ ಸ್ವಿಚ್ ಬದಲಿಸಿದ್ದರು. ಹಳೆಯದು ಎನ್‌ಒ. ಎಣ್ಣೆಯ ಒತ್ತಡ ಬಂದಾಗ ಮುಚ್ಚಿಕೊಂಡು, ಮೋಟಾರ್ ಓಡಬಹುದು ಅಂತ ಒಪ್ಪಿಗೆ ಕೊಡುತ್ತಿತ್ತು. ಯಂತ್ರ ದಿನವಿಡೀ ಓಡುತ್ತಿದ್ದದ್ದರಿಂದ ಆ ಕಾಂಟ್ಯಾಕ್ಟ್ ಯಾವಾಗ ನೋಡಿದರೂ ಮುಚ್ಚಿಯೇ ಇರುತ್ತಿತ್ತು. ಅಲ್ಲಿನ ಕೆಲಸಗಾರರು ಮೀಟರ್ ಹಿಡಿದು ನೋಡಿ, "ಮಾಮೂಲಾಗಿ ಮುಚ್ಚಿದೆ, ಹಾಗಾದರೆ ಇದು ಎನ್‌ಸಿ" ಅಂದುಕೊಂಡು ಎನ್‌ಸಿ ಸ್ವಿಚ್ ಹಾಕಿದ್ದರು. ಆಮೇಲೆ ಎಣ್ಣೆ ಇಲ್ಲದಾಗ ಮೋಟಾರಿಗೆ ಒಪ್ಪಿಗೆ, ಎಣ್ಣೆ ಬಂದ ತಕ್ಷಣ ಬಂದ್! ಅವರು ನೋಡಿದ್ದು ಸರಿಯೇ. ಮೀಟರ್ ತೋರಿಸಿದ್ದೂ ಸರಿಯೇ. ಆ ‘ನಾರ್ಮಲ್’ ಯಾವ ಸ್ಥಿತಿಯದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಜೋಡಣೆಯಲ್ಲಿ ಇನ್ನೊಂದು ಒಳ್ಳೆಯ ಗುಣವೂ ಇತ್ತು. ವೈರ್ ತುಂಡಾದರೂ ಸರ್ಕ್ಯೂಟ್ ತೆರೆದುಕೊಂಡು ಮೋಟಾರ್ ನಿಲ್ಲುತ್ತಿತ್ತು. ಹೊಸ ಜೋಡಣೆಯಲ್ಲೂ ವೈರ್ ತುಂಡಾದರೆ ಮೋಟಾರ್ ನಿಲ್ಲುತ್ತಿತ್ತು, ಆದರೆ ಎಣ್ಣೆಯ ಕಾವಲು ಮಾತ್ರ ತಲೆಕೆಳಗಾಗಿತ್ತು.

ಸೆನ್ಸರಿನ ಔಟ್‌ಪುಟ್ ಯಾವ ಬಗೆಯದ್ದು ಅಂತ ಹೇಳುವ ಪಿಎನ್‌ಪಿ, ಎನ್‌ಪಿಎನ್ ವಿಷಯದಲ್ಲಂತೂ ಫುಲ್ ಫಾರ್ಮ್ ಯಾವ ಉಪಯೋಗಕ್ಕೂ ಬರುವುದಿಲ್ಲ. ವೈರಿಂಗ್ ಮಾಡುವವರಿಗೆ ಬೇಕಾದ್ದು ಇಷ್ಟೇ: ಪಿಎನ್‌ಪಿ ಸೆನ್ಸರ್ ಕೆಲಸ ಮಾಡಿದಾಗ ಔಟ್‌ಪುಟ್ ವೈರಿಗೆ ಪ್ಲಸ್ ಕೊಡುತ್ತದೆ, ಎನ್‌ಪಿಎನ್ ಅದನ್ನು ಮೈನಸ್ ಕಡೆ ಎಳೆಯುತ್ತದೆ.

ನನಗೆ ತೀರಾ ಬೇಸರ ತರುವುದು ಇಸಿಒ2. ಗಾಳಿಯ ಗುಣಮಟ್ಟ ತೋರಿಸುವ ಅಗ್ಗದ ಸಾಧನಗಳಲ್ಲಿ ಇದು ಕಾಣುತ್ತದೆ. ಮುಂದಿನ ‘ಇ’ ಅಂದರೆ ಈಕ್ವಿವಲೆಂಟ್. ಇಂಥವುಗಳ ಒಳಗೆ ಸಾಮಾನ್ಯವಾಗಿ ಇರುವುದು ಎಂಒಎಕ್ಸ್ ಸೆನ್ಸರ್, ಬಿಸಿ ಮಾಡಿದ ಮೆಟಲ್ ಆಕ್ಸೈಡ್ ಪದರ. ಅದು ನೋಡುವುದು ವಿಒಸಿ ಆವಿಗಳನ್ನು, ಅಂದರೆ ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳನ್ನು. ಕೋಣೆಯಲ್ಲಿ ಜನ ಇದ್ದರೆ ಆ ಆವಿಗಳೂ ಏರುತ್ತವೆ, ಕಾರ್ಬನ್ ಡೈಆಕ್ಸೈಡೂ ಏರುತ್ತದೆ ಅಂತ ಊಹೆ ಮಾಡಿ ಒಂದು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಂಕಿ ಕೊಡುತ್ತದೆ. ಖಾಲಿ ಕೋಣೆಯಲ್ಲಿ ಸ್ಪಿರಿಟ್ ಹಾಕಿ ಮೇಜು ಒರೆಸಿ ನೋಡಿ. ಕಾರ್ಬನ್ ಡೈಆಕ್ಸೈಡ್ ಹಾಗೇ ಇದ್ದರೂ ಈ ಅಂಕಿ ಮೇಲಕ್ಕೆ ಜಿಗಿಯುತ್ತದೆ. ನಿಜವಾಗಿ ಅಳೆಯಬೇಕಾದರೆ ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ವಿಧಾನ) ಥರದ ಸೆನ್ಸರ್ ಬೇಕು. ಕಾರ್ಬನ್ ಡೈಆಕ್ಸೈಡ್ ಸುಮಾರು 4.26 ಮೈಕ್ರೋಮೀಟರ್ ತರಂಗದ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ. ಎಷ್ಟು ಬೆಳಕು ಕಮ್ಮಿಯಾಯಿತು ಅಂತ ನೋಡಿ ಅದು ಲೆಕ್ಕ ಹಾಕುತ್ತದೆ. ಶಾಲೆಯ ಕೋಣೆಗೋ ಆಸ್ಪತ್ರೆಯ ವಾರ್ಡಿಗೋ ಗಾಳಿ ಸಾಕಾ ಅಂತ ನಿರ್ಧರಿಸುವಾಗ ಊಹೆಯ ಅಂಕಿಯನ್ನು ಅಳತೆ ಎಂದು ನಂಬಬಾರದು, ಅಲ್ವಾ?

ಧೂಳು, ನೀರಿನಿಂದ ಸಾಧನಕ್ಕೆ ಎಷ್ಟು ರಕ್ಷಣೆ ಇದೆ ಅಂತ ಹೇಳುವ ಐಪಿ67 ಬಗ್ಗೆಯೂ ಒಂದು ಮಾತು. 6 ಅಂದರೆ ಧೂಳು ಒಳಗೆ ಹೋಗದು. 7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿ ಪರೀಕ್ಷಿಸಿದ್ದಾರೆ. ಜೋರು ಪೈಪಿನಿಂದ ನೀರು ಹಾಯಿಸಿ ತೊಳೆಯಬಹುದು ಅಂತ ಅದು ಹೇಳಿಲ್ಲ. ಅದಕ್ಕೆ ಐಪಿ65 ಅಥವಾ ಐಪಿ66 ಬೇರೆಯಾಗಿ ಬರೆದಿರಬೇಕು.

ಎಲ್ಲ ಶಾರ್ಟ್ ಫಾರ್ಮೂ ಹೀಗೆ ಅಂತಲ್ಲ. ತಾಪಮಾನ ಅಳೆಯುವ ಪಿಟಿ100 ಸೆನ್ಸರಿನ ಹೆಸರು ನನಗೆ ತುಂಬ ಇಷ್ಟ. ಪಿಟಿ ಅಂದರೆ ಪ್ಲಾಟಿನಂ, 100 ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್. ಯಾವ ಲೋಹ, ಎಷ್ಟು ರೆಸಿಸ್ಟೆನ್ಸ್, ಎರಡೂ ಹೆಸರಲ್ಲೇ ಬಂತು. 100 ಡಿಗ್ರಿಗೆ ಸುಮಾರು 138.5 ಓಮ್ ಆಗುತ್ತದೆ ಅಂತ ನೆನಪಿದ್ದರೆ ಬರೀ ಮಲ್ಟಿಮೀಟರ್ ಹಿಡಿದೇ ಸೆನ್ಸರ್ ಬದುಕಿದೆಯಾ ಅಂತ ನೋಡಬಹುದು. ತಾಪಮಾನದ ಇನ್ನೊಂದು ಸೆನ್ಸರ್ ಎನ್‌ಟಿಸಿ (ನೆಗೆಟಿವ್ ಟೆಂಪರೇಚರ್ ಕೋಎಫಿಶಿಯೆಂಟ್) ಕೂಡ ಪ್ರಾಮಾಣಿಕ ಹೆಸರು: ಬಿಸಿಯಾದರೆ ರೆಸಿಸ್ಟೆನ್ಸ್ ಇಳಿಯುತ್ತದೆ. ಆದರೆ ಎನ್‌ಟಿಸಿ 10ಕೆ ಅಂದಾಗ ಆ 10 ಕಿಲೋಓಮ್ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ, ಸೊನ್ನೆಯಲ್ಲಲ್ಲ. ಪಿಟಿ100 ನೋಡಿ ರೂಢಿಯಾದವರು ಇಲ್ಲಿ ಎಡವುತ್ತಾರೆ.

ಡೇಟಾಶೀಟ್ ಕೈಗೆ ಬಂದರೆ ನಾನು ಮೊದಲು ಓದುವುದು ಕೋಷ್ಟಕದ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳನ್ನು. ಆಮೇಲೆ ಅಂಕಿಯ ಕಾಲಮ್ಮಿನ ತಲೆಯಲ್ಲಿ ಟಿವೈಪಿ ಇದೆಯಾ, ಮ್ಯಾಕ್ಸ್ ಇದೆಯಾ ನೋಡುತ್ತೇನೆ. ಟಿಪಿಕಲ್ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ ಅಂತ, ಗ್ಯಾರಂಟಿ ಅಲ್ಲ. ಮ್ಯಾಕ್ಸ್ ಅಂಕಿ ಇಲ್ಲದಿದ್ದರೆ ತಯಾರಕರಿಗೆ ಬರೆದು ಕೇಳುತ್ತೇನೆ, ಉತ್ತರ ಬರುವವರೆಗೆ ಆರ್ಡರ್ ಹಾಕುವುದಿಲ್ಲ.

ಆ ಪೈಪಿನ ಡಿಸ್‌ಪ್ಲೇ ಪಕ್ಕ ನಾವು ಅವತ್ತೇ ಒಂದು ಪಟ್ಟಿ ಅಂಟಿಸಿದೆವು. ಬರೆದದ್ದು ಆ ಹುಡುಗಿಯೇ: "ಈ ಅಂಕಿಯಲ್ಲಿ ಹೊರಗಿನ ಗಾಳಿಯ ಒತ್ತಡವೂ ಸೇರಿದೆ. ಪೈಪ್ ಖಾಲಿ ಇದ್ದರೆ ಸುಮಾರು 1 ಬಾರ್ ತೋರಿಸುತ್ತದೆ."