ನೆಟ್ ಇಲ್ಲ ಅಂದರೆ ಮೊದಲು ಐಪಿ ನೋಡಿ

"ಸಾರ್, ನೆಟ್ ಬರ್ತಿಲ್ಲ" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ: ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ನಂಬರ್, ಎಷ್ಟು ತೋರಿಸ್ತಿದೆ? ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಅಂತ ಹೊಡೆದರೆ ಕಾಣುತ್ತದೆ.

ಅದು 169.254 ಅಂತ ಶುರುವಾಗಿದ್ದರೆ, ಕಂಪ್ಯೂಟರ್ ಅಡ್ರೆಸ್ ಕೇಳಿದೆ, ಯಾರೂ ಕೊಟ್ಟಿಲ್ಲ. ಕಾದು ಸಾಕಾಗಿ ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ಕೇಬಲ್, ಸ್ವಿಚ್ (ಹಲವು ಕೇಬಲ್‌ಗಳನ್ನು ಒಂದುಗೂಡಿಸುವ ಪೆಟ್ಟಿಗೆ), ರೂಟರ್ ನೋಡಬೇಕು. ಇಂಟರ್ನೆಟ್ ಕಂಪನಿಯವರಿಗೆ ಸುಮ್ನೆ ಬೈದು ಪ್ರಯೋಜನವಿಲ್ಲ.

192.168 ಅಂತಿದ್ದರೆ ಯಾರೋ ಕೊಟ್ಟಿದ್ದಾರೆ, ಸಾಮಾನ್ಯವಾಗಿ ರೂಟರ್. ಹೀಗೆ ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಅಂತಾರೆ. ಹೊರಗೆ ಹೋಗುವ ಬಾಗಿಲು ಯಾವುದು, ಅಂದರೆ ಗೇಟ್‌ವೇ ಯಾವುದು ಅನ್ನುವುದನ್ನೂ ಅದೇ ಹೇಳಿಕೊಡುತ್ತದೆ. ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ 192.168.1.5 ಇರಬಹುದು. ಜಗಳವೇನಿಲ್ಲ, ಅದು ಮನೆಯೊಳಗಿನ ನಂಬರ್ ಅಷ್ಟೇ.

ಕೊಟ್ಟವರು ಯಾರು ಅನ್ನುವುದೇ ಕೆಲವೊಮ್ಮೆ ತಲೆನೋವು. ಒಂದು ಆಫೀಸಿನಲ್ಲಿ ಬೆಳಗ್ಗೆ ಅರ್ಧ ಕಂಪ್ಯೂಟರ್‌ಗಳಿಗೆ ನೆಟ್ ಇತ್ತು, ಅರ್ಧಕ್ಕೆ ಇಲ್ಲ. ಸರಿಯಿದ್ದವು 192.168.1ರಲ್ಲಿದ್ದವು, ಕೆಟ್ಟವು 192.168.0ರಲ್ಲಿ. ನಾವು ಹಾಕಿದ ರೂಟರ್ 0 ಕೊಡುವುದೇ ಇಲ್ಲ! ಅಂದರೆ ಇನ್ನೊಬ್ಬರು ಹಂಚುತ್ತಿದ್ದಾರೆ ಅಂತಾಯ್ತು. ಕಂಪ್ಯೂಟರ್ "ಯಾರಾದರೂ ಅಡ್ರೆಸ್ ಕೊಡ್ರಪ್ಪಾ" ಅಂತ ಇಡೀ ನೆಟ್‌ವರ್ಕ್‌ಗೆ ಕೂಗುತ್ತದೆ. ಸಾಮಾನ್ಯವಾಗಿ ಯಾರ ಉತ್ತರ ಮೊದಲು ಬರುತ್ತದೋ ಅವರನ್ನೇ ನಂಬುತ್ತದೆ. ಸಾಚಾನಾ ಅಂತ ವಿಚಾರಿಸುವುದಿಲ್ಲ.

ಕೆಟ್ಟ ಕಂಪ್ಯೂಟರ್‌ನಲ್ಲಿ 'ಎಆರ್‌ಪಿ ಮೈನಸ್ ಎ' (arp -a) ಹೊಡೆದೆ. ಅದಕ್ಕೆ ಗೇಟ್‌ವೇ ಅಂತ ಸಿಕ್ಕಿದ್ದ 192.168.0.1ರ ಮ್ಯಾಕ್ ಅಡ್ರೆಸ್, ಅಂದರೆ ಯಂತ್ರಕ್ಕೆ ತಯಾರಕರೇ ಕೊಟ್ಟ ನಂಬರ್, ಸಿಕ್ಕಿತು. ಮೊದಲ ಆರು ಅಕ್ಷರಗಳಲ್ಲೇ ತಯಾರಕರು ಯಾರು ಅಂತ ಗೊತ್ತಾಗುತ್ತದೆ. ನಾವು ಕೊಳ್ಳದ ಬ್ರ್ಯಾಂಡು. ಆ ಮ್ಯಾಕ್ ಸ್ವಿಚ್‌ನ ಯಾವ ಪೋರ್ಟ್‌ನಲ್ಲಿದೆ ಅಂತ ನೋಡಿ ಕೇಬಲ್ ಹಿಡಿದು ಹೊರಟೆ. ಮೀಟಿಂಗ್ ರೂಮಿನ ಬೀರು ಮೇಲೆ ಹಳೇ ರೂಟರ್ ಕಣ್ಣು ಮಿಟುಕಿಸುತ್ತಾ ಕೂತಿತ್ತು. ವೈಫೈ ಸಿಗ್ನಲ್ ಸಾಲದು ಅಂತ ಯಾರೋ ಮನೆಯಿಂದ ತಂದಿದ್ದರು. ಕೇಬಲ್ಲನ್ನು ಲ್ಯಾನ್ ಪೋರ್ಟ್‌ಗೆ, ಅಂದರೆ ಒಳಗಿನ ಕಂಪ್ಯೂಟರ್‌ಗಳಿಗೆ ಇರುವ ಕಡೆಗೆ, ಚುಚ್ಚಿದ್ದರು. ಹಾಗಾಗಿ ಅದು ಆಫೀಸಿಗೂ ಅಡ್ರೆಸ್ ಹಂಚುತ್ತಿತ್ತು, ಆದರೆ ಅದು ತೋರಿಸಿದ ಬಾಗಿಲಿನಿಂದ ಹೊರಗೆ ದಾರಿ ಇರಲಿಲ್ಲ. ಹೊರಗಿನ ನೆಟ್‌ಗೆ ಇರುವ ವ್ಯಾನ್ ಪೋರ್ಟ್‌ಗೆ ಚುಚ್ಚಿದ್ದರೆ ಅದರ ದಾನಧರ್ಮ ಅದರ ವೈಫೈ ಒಳಗೇ ಉಳಿಯುತ್ತಿತ್ತು.

ವೈಫೈ ಬೇಕು ಅಂದಿದ್ದು ತಪ್ಪಲ್ಲ, ಅಲ್ವಾ? ಆ ರೂಟರ್‌ನಲ್ಲೇ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಬೇರೆ ಯಾರಿಗೂ ಸಿಗದಂಥ 192.168.1.250 ಕೊಟ್ಟು, ಅಲ್ಲೇ ಬಿಟ್ಟು ಬಂದೆ. ಆದರೂ ಅರ್ಧ ಗಂಟೆಯಲ್ಲಿ ಮತ್ತೆ ಫೋನ್: "ಅಕೌಂಟ್ಸ್‌ನವರಿಗೆ ಇನ್ನೂ ಬಂದಿಲ್ಲ." ಒಮ್ಮೆ ಪಡೆದ ಅಡ್ರೆಸ್‌ಗೆ ಅವಧಿ ಇರುತ್ತದೆ, ಕಂಪ್ಯೂಟರ್ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಹೊಸದಾಗಿ ಅಡ್ರೆಸ್ ಕೇಳಲಿ ಅಂತ ಕೇಬಲ್ ಕಿತ್ತು ಮತ್ತೆ ಹಾಕಿ ಅಂದೆ. ಹಾಕಿದರು, ಬಂತು.