ಸಂವಿಧಾನ ಪಾಠ ಮಾಡುವ ಮೇಷ್ಟ್ರಿಗೆ ಪಾಠ ಹೇಳುವವರು ಯಾರು?

2022ರ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅಮೆರಿಕದ ಎಂಟನೇ ತರಗತಿಯ ನೂರು ಮಕ್ಕಳಲ್ಲಿ ಇತಿಹಾಸ ಚೆನ್ನಾಗಿ ಗೊತ್ತು ಅನ್ನಿಸಿಕೊಂಡವರು ಬರೀ 13. ಪೌರನೀತಿಯಲ್ಲಿ 22. ಅಂದಿನಿಂದ ಪಠ್ಯಪುಸ್ತಕದ ಬಗ್ಗೆ ಜಗಳವೇ ಜಗಳ. ಆ ಪಾಠ ಮಾಡುವವರು ಏನು ಓದಿರುತ್ತಾರೆ ಅನ್ನುವ ಮಾತು ಮಾತ್ರ ಕಮ್ಮಿ.

1957ರಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಹಾರಿತು. ತಾನು ಹಿಂದೆ ಬಿದ್ದೆ ಅಂತ ಅಮೆರಿಕಕ್ಕೆ ಭಯವಾಯಿತು. ಮರುವರ್ಷವೇ ಬಂದ ಕಾನೂನು ವಿಜ್ಞಾನ, ಗಣಿತ, ವಿದೇಶಿ ಭಾಷೆಗಳಿಗೆ ಹಣ ಸುರಿಯಿತು. ಇತಿಹಾಸದ ಮೇಷ್ಟ್ರುಗಳ ತರಬೇತಿಗೆ ಅದರಲ್ಲಿ ಜಾಗ ಸಿಗಲು 1964 ಬರಬೇಕಾಯಿತು. ಆಮೇಲೆ ಎರಡು ದಶಕ ಹೇಳಿಕೊಳ್ಳುವಂಥದ್ದು ಜಾಸ್ತಿ ಆಗಲಿಲ್ಲ.

ಅಮೆರಿಕದ ಸಂವಿಧಾನಕ್ಕೆ 200 ತುಂಬುವ ಹೊತ್ತಿಗೆ, 1986ರಲ್ಲಿ, ಸಂಸತ್ತು ಜೇಮ್ಸ್ ಮ್ಯಾಡಿಸನ್ ಹೆಸರಲ್ಲಿ ಇಂಥ ಮೇಷ್ಟ್ರುಗಳ ಸ್ನಾತಕೋತ್ತರ ಓದಿಗೆ ಹಣ ಕೊಡುವ ಒಂದು ಫೆಲೋಶಿಪ್ ಪ್ರತಿಷ್ಠಾನ ಕಟ್ಟಿತು. ಹೆಸರು ಸುಮ್ನೆ ಇಟ್ಟಿದ್ದಲ್ಲ. ಸಂವಿಧಾನ ಬರೆಯಲು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆಯಲ್ಲಿ ಮುಂದುಗಡೆಯೇ ಕೂತು, ಒಂದು ದಿನವೂ ತಪ್ಪಿಸದೆ, ಯಾರು ಏನು ವಾದಿಸಿದರು ಅಂತ ಬರೆದಿಟ್ಟವರು ಮ್ಯಾಡಿಸನ್. ಆ ಟಿಪ್ಪಣಿ ಅಚ್ಚಾಗಿದ್ದು ಅವರು ತೀರಿಕೊಂಡ ನಾಲ್ಕು ವರ್ಷದ ಮೇಲೆ, 1840ರಲ್ಲಿ. ಸಂವಿಧಾನ ಹುಟ್ಟಿದ ಬಗೆ ಇವತ್ತು ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಅದೇ ಮುಖ್ಯ ಕಾರಣ.

ಪ್ರತಿಷ್ಠಾನದ ಬಂಡವಾಳಕ್ಕೆ ಸರ್ಕಾರದ ಹಣದ ಜೊತೆ 1993ರ ಸ್ಮಾರಕ ನಾಣ್ಯಗಳ ಮಾರಾಟದ ಪಾಲೂ ಸೇರಿತು. ಅದರಲ್ಲಿ ಅರ್ಧ ಡಾಲರ್ ನಾಣ್ಯದ ಮೇಲೆ ಲೇಖನಿ ಹಿಡಿದ ಮ್ಯಾಡಿಸನ್ ಇದ್ದಾರೆ. ಫೆಲೋಶಿಪ್‌ಗೆ ಮೇಷ್ಟ್ರುಗಳ ಮೊದಲ ತಂಡ ಆಯ್ಕೆಯಾಗಿದ್ದು 1992ರಲ್ಲಿ.

ಈ ಫೆಲೋಶಿಪ್‌ನಲ್ಲಿ ಎರಡು ಬಗೆ. ಈಗಷ್ಟೇ ಪದವಿ ಮುಗಿಸಿ ಮೇಷ್ಟ್ರಾಗಲು ಹೊರಟವರು ಎರಡು ವರ್ಷದೊಳಗೆ ಪೂರ್ಣಾವಧಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಬೇಕು. ಕೆಲಸದಲ್ಲಿರುವ ಮೇಷ್ಟ್ರಿಗೆ ಐದು ವರ್ಷ: ಹಗಲು ಶಾಲೆ, ಸಂಜೆ, ರಜೆಯಲ್ಲಿ ಓದು. ಇಬ್ಬರೂ ಕನಿಷ್ಠ 12 ಕ್ರೆಡಿಟ್‌ನಷ್ಟು ಸಂವಿಧಾನವನ್ನೇ ಓದಬೇಕು. ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇರುವುದು ಈ ಷರತ್ತಿನಲ್ಲೇ. ಪಾಠ ಮಾಡುವ ವಿಧಾನ ಕಲಿಸುವ ಕೋರ್ಸುಗಳು ಬೇಕಾದಷ್ಟಿವೆ. ಆದರೆ ವಿಷಯವೇ ಗೊತ್ತಿಲ್ಲದಿದ್ದರೆ ವಿಧಾನ ಇಟ್ಟುಕೊಂಡು ಏನು ಮಾಡುವುದು, ಅಲ್ವಾ? ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ನಡೆದ ನಾಲ್ಕು ವಾರಗಳ ಬೇಸಿಗೆ ಶಿಬಿರಗಳೂ ಮೂಲ ದಾಖಲೆ ಓದಿಸುವುದಕ್ಕೇ ಇದ್ದವು.

ಹಣ ಪಡೆದ ಒಂದೊಂದು ವರ್ಷಕ್ಕೆ ಒಂದೊಂದು ವರ್ಷ ಏಳರಿಂದ ಹನ್ನೆರಡನೇ ತರಗತಿಯೊಳಗೆ ಪಾಠ ಮಾಡಬೇಕು. ಇಲ್ಲದಿದ್ದರೆ ಬಡ್ಡಿ ಸಮೇತ ವಾಪಸ್.

ಆಮೇಲೆ ಗಾಳಿ ಬದಲಾಯಿತು. 2002ರ ಶಿಕ್ಷಣ ಕಾನೂನು ಪ್ರತಿ ವರ್ಷದ ಪರೀಕ್ಷೆ ಕಡ್ಡಾಯ ಮಾಡಿದ್ದು ಓದು ಮತ್ತು ಗಣಿತಕ್ಕೆ. ಪರೀಕ್ಷೆ ಇಲ್ಲದ ಇತಿಹಾಸದ ಪೀರಿಯಡ್ ಎಷ್ಟೋ ಶಾಲೆಗಳಲ್ಲಿ ಕರಗಿತು. ಇತಿಹಾಸ ಮೇಷ್ಟ್ರುಗಳ ತರಬೇತಿಗೆಂದೇ 2001ರಲ್ಲಿ ಶುರುವಾದ ದೊಡ್ಡ ಅನುದಾನ ಸುಮಾರು ಹತ್ತು ವರ್ಷಕ್ಕೇ ನಿಂತುಹೋಯಿತು.

ಮ್ಯಾಡಿಸನ್ ಫೆಲೋಶಿಪ್ ಉಳಿದುಕೊಂಡಿತು, ಆದರೆ ಚಿಕ್ಕದಾಗಿಯೇ. ರಾಜ್ಯಕ್ಕೆ ವರ್ಷಕ್ಕೊಬ್ಬರು ಅನ್ನುವುದು ಅದರ ಗುರಿ. 1990ರ ದಶಕದಲ್ಲಿ ಒಬ್ಬರಿಗೆ ಒಟ್ಟು ಸಿಗುತ್ತಿದ್ದ ಗರಿಷ್ಠ ಮೊತ್ತ 24,000 ಡಾಲರ್. ಮೂವತ್ತು ವರ್ಷ ಕಳೆದರೂ ಅದು ಅಷ್ಟೇ ಇತ್ತು. ವಿಶ್ವವಿದ್ಯಾಲಯದ ಫೀಸು ಅಲ್ಲೇ ನಿಲ್ಲಲಿಲ್ಲ. ಮಿಕ್ಕಿದ್ದನ್ನು ಮೇಷ್ಟ್ರೇ ಹೊಂದಿಸಿಕೊಳ್ಳಬೇಕು.